ಸ್ಟಾರ್ಮ್ ಫೇಜ್ 2: ಎಣ್ಣೆ ಹೆಚ್ಚಿರುವ ಲೇನಿಗೆ ಒಪ್ಪುವ ಚೆಂಡು

ಹತ್ತು ಪಿನ್‌ಗಳನ್ನು ಬೀಳಿಸುವ ಬೌಲಿಂಗ್ ಆಟಕ್ಕೆ ಹೊಸ ಚೆಂಡು ಬಿಡುಗಡೆಯಾದಾಗಲೆಲ್ಲ ಆಟಗಾರರು ಅದನ್ನು ಪಕ್ಕದಲ್ಲಿಟ್ಟು ಹೋಲಿಸುವ ಚೆಂಡುಗಳಲ್ಲಿ ಸ್ಟಾರ್ಮ್ ಕಂಪನಿಯ ಫೇಜ್ 2 ಒಂದು. ಈಗಲೂ ಇದಕ್ಕೆ ಹಣ ಹಾಕಬಹುದೇ ಎಂದು ಕೇಳಿದರೆ, ನೀವು ಆಡುವ ಲೇನಿನಲ್ಲಿ, ಅಂದರೆ ಚೆಂಡು ಉರುಳುವ ಹಾದಿಯಲ್ಲಿ, ಸವರಿದ ಎಣ್ಣೆ ಧಾರಾಳವಾಗಿದ್ದರೆ ಧೈರ್ಯವಾಗಿ ಕೊಳ್ಳಿ, ಇಲ್ಲವಾದರೆ ಬೇಡ ಎನ್ನುತ್ತೇನೆ.

ಇದರ ಹೊರಕವಚ ಟಿಎಕ್ಸ್-16 ಎಂಬ ಸಾಲಿಡ್ ರಿಯಾಕ್ಟಿವ್, ಅಂದರೆ ಮಿನುಗುಪುಡಿ ಬೆರೆಸದ, ಲೇನನ್ನು ಹಿಡಿಯುವ ರಾಳ. ಕಾರ್ಖಾನೆಯಲ್ಲೇ 3000 ಗ್ರಿಟ್ ಅಬ್ರಲಾನ್ ಪ್ಯಾಡ್‌ನಿಂದ ಉಜ್ಜಿ ಹೊಳಪಿಲ್ಲದಂತೆ ಮಾಡಿರುವುದರಿಂದ ಎಣ್ಣೆಯ ಮೇಲೂ ಅದು ಹಿಡಿತ ಕಂಡುಕೊಳ್ಳುತ್ತದೆ. 15 ಪೌಂಡ್ ತೂಕದಲ್ಲಿ ಆರ್‌ಜಿ (ಕಡಿಮೆಯಾದಷ್ಟೂ ಚೆಂಡು ಬೇಗ ಉರುಳತೊಡಗುತ್ತದೆ) 2.48, ಡಿಫರೆನ್ಷಿಯಲ್ (ಹೆಚ್ಚಾದಷ್ಟೂ ಚೆಂಡಿನ ಮೇಲೆ ಎಣ್ಣೆಯ ಗೆರೆಗಳು ಅಗಲವಾಗಿ ಹರಡುತ್ತವೆ) 0.051; ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆಯಾದ ಯುಎಸ್‌ಬಿಸಿಯ ನಿಯಮದಂತೆ ಆರ್‌ಜಿ 2.46ಕ್ಕಿಂತ ಕಡಿಮೆಯಾಗುವಂತಿಲ್ಲ, ಡಿಫರೆನ್ಷಿಯಲ್ 0.060 ಮೀರುವಂತಿಲ್ಲ ಎಂಬುದನ್ನು ನೆನೆದರೆ, ಇದು ಬೇಗನೆ ಉರುಳತೊಡಗುವ ಬಲಿಷ್ಠ ಚೆಂಡೆಂಬುದು ತಿಳಿಯುತ್ತದೆ. ಎಸೆದ ಚೆಂಡು ಹಿಂತಿರುಗಿದಾಗ ಒರೆಸುವ ಮುನ್ನ ಒಮ್ಮೆ ನೋಡಿ: ಎಣ್ಣೆಯ ಗೆರೆಗಳು ಒಂದರ ಮೇಲೊಂದು ಕೂರದೆ ಬಿಡಿಬಿಡಿಯಾಗಿ ಹರಡಿ, ಎರಡೇ ಕಡೆ ಒಂದನ್ನೊಂದು ದಾಟಿರುತ್ತವೆ. ಪ್ರತಿ ಸುತ್ತಿನಲ್ಲೂ ಎಣ್ಣೆ ತಾಗದ ಹೊಸ ಮೈ ಲೇನಿಗೆ ಸಿಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅದರ ತಿರುವಿನ ನಂಬಿಕೆ. ತಟ್ಟನೆ ಹೊರಳದೆ, ನಿಧಾನವಾಗಿ ಬಾಗುತ್ತ 1 ಮತ್ತು 3ನೇ ಪಿನ್‌ಗಳ ನಡುವೆ ನುಗ್ಗುವುದರಿಂದ, ಬಲಗೈ ಆಟಗಾರರು ಗುರಿಯನ್ನು ಹೆಚ್ಚು ಬದಲಿಸಬೇಕಾಗುವುದಿಲ್ಲ. ಆದರೆ ದಿನವಿಡೀ ಆಟ ನಡೆದು ಎಣ್ಣೆ ಬತ್ತಿದ ಲೇನಿನಲ್ಲಿ ಇದರ ಬಲವಾದ ಹಿಡಿತವೇ ಮುಳುವಾಗುತ್ತದೆ. ಚೆಂಡು ಬೇಗನೆ ತಿರುಗಿ, 60 ಅಡಿ ದೂರದ ಪಿನ್‌ಗಳನ್ನು ಮುಟ್ಟುವಷ್ಟರಲ್ಲಿ ಕಸುವು ಕಳೆದುಕೊಂಡು, ಮೂಲೆಯ 10ನೇ ಪಿನ್ ಅಲುಗದೆ ಉಳಿಯುತ್ತದೆ. ಬೆಂಗಳೂರಿನಲ್ಲಾಗಲಿ ಬೇರೆಡೆಯಾಗಲಿ, ಸಂಜೆಯ ಹೊತ್ತಿಗೆ ಮಾಲ್‌ಗಳಲ್ಲಿ ಆಡುವವರಿಗೆ, ಅದರಲ್ಲೂ ನಿಧಾನವಾಗಿ ಎಸೆಯುವವರಿಗೆ, ಹೊಳಪುಳ್ಳ ಪರ್ಲ್ ಕವಚದ ಚೆಂಡೇ ವಾಸಿ.

ಚೆಂಡಿನ ಬೆಲೆಯ ಜೊತೆಗೆ ನಿಮ್ಮ ಕೈಯಳತೆಗೆ ರಂಧ್ರ ಕೊರೆಸುವ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇರೆಯವರ ಅಳತೆಗೆ ಕೊರೆದ ಚೆಂಡು ಅಗ್ಗವೆಂದು ತಂದರೆ ಹೆಬ್ಬೆರಳು ನೋಯುವುದು ಖಚಿತ. ಸ್ವಂತ ಚೆಂಡೇ ಇಲ್ಲದವರು ಮೊದಲು ಸ್ಪೇರ್‌ಗಾಗಿ, ಅಂದರೆ ಮೊದಲ ಎಸೆತದಲ್ಲಿ ಉಳಿದ ಪಿನ್‌ಗಳನ್ನು ಎರಡನೆಯದರಲ್ಲಿ ಬೀಳಿಸಲು, ಒಂದು ಪ್ಲಾಸ್ಟಿಕ್ ಚೆಂಡು ಕೊಳ್ಳಲಿ. ಈಗಾಗಲೇ ಬಲಿಷ್ಠ ಸಾಲಿಡ್ ಚೆಂಡಿದ್ದು ಅದು ಜಾರತೊಡಗಿದೆ ಎನ್ನುವವರು, ಹೊಸದಕ್ಕೆ ಹಣ ತೆರುವ ಮುನ್ನ ಅದರ ಎಣ್ಣೆಯನ್ನು ಚೆನ್ನಾಗಿ ತೆಗೆಸಿ, ಮೈಯನ್ನು ಪ್ಯಾಡ್‌ನಿಂದ ಉಜ್ಜಿಸಿ ಕೆಲವು ಆಟ ಆಡಿ ನೋಡಲಿ.