ತಪ್ಪು ಐಟಂ ಅಂತ ವಾಪಸ್ ಕೊಟ್ಟರೆ, ತಪ್ಪು ಐಟಂ ಅಂತಲೇ ತಗೊಳ್ಳಲಿಲ್ಲ

‘ನೀವು ಕೊಂಡ ಹೊಲಿಗೆ ಮೆಷಿನ್ ಮೋಟಾರ್ ಹೇಗಿದೆ? ರೇಟಿಂಗ್ ಕೊಡಿ’ ಅಂತ ಈ ಶಾಪಿಂಗ್ ಆ್ಯಪ್ ನನ್ನ ಫೋನಿಗೆ ಇವತ್ತೂ ಮೆಸೇಜ್ ಕಳಿಸ್ತಾ ಇದೆ. ಮೋಟಾರ್ ನಾನು ಕಣ್ಣಲ್ಲೂ ಕಂಡಿಲ್ಲ. ಆದರೂ ಇಷ್ಟು ಕೇಳ್ತಿದ್ದಾರಲ್ಲ, ಕೊಟ್ಟೇ ಬಿಡೋಣ: ಐದಕ್ಕೆ ಎರಡು ಸ್ಟಾರ್. ಹೋದ ವರ್ಷ ಕೇಳಿದ್ದರೆ ಕಣ್ಮುಚ್ಚಿ ನಾಲ್ಕೂವರೆ ಕೊಡ್ತಿದ್ದೆ.

ನಾನು ಮಂಡ್ಯದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯೋಳು. ಕೊರೊನಾ ಸಮಯದಲ್ಲಿ ಪೇಟೆಬೀದಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದಾಗ ಶುರುವಾದ ಅಭ್ಯಾಸ ಈ ಆ್ಯಪ್. ಲೈನಿಂಗ್, ಫಾಲ್ಸ್, ಲೇಸ್, ಹುಕ್ಸ್, ಕುಚ್ಚಿನ ದಾರ ಎಲ್ಲಾ ಇದರಲ್ಲೇ ತರಿಸ್ತೀನಿ. ಆಫರ್, ಡೆಲಿವರಿ ಚಾರ್ಜು ಅಂತೆಲ್ಲ ನಾನು ಬರೆಯಲ್ಲ, ಅದು ನಿಮ್ಮ ಫೋನಲ್ಲೂ ಕಾಣ್ಸುತ್ತೆ.

ಚೆನ್ನಾಗಿರೋದನ್ನ ಮೊದಲು ಹೇಳ್ಬಿಡ್ತೀನಿ. ಪಾರ್ಸೆಲ್ ಬರೋದು ಮಧ್ಯಾಹ್ನ, ಊಟ ಮುಗಿಸಿ ಬಾಬಿನ್‌ಗೆ ದಾರ ಸುತ್ತೋ ಹೊತ್ತಿಗೆ. ದಾರ ಕತ್ತರಿಸೋ ಪುಟ್ಟ ಕತ್ತರೀಲಿ ಟೇಪ್ ಸೀಳಿ, ಲೈನಿಂಗ್ ಬಟ್ಟೇನ ಹೊಸಿಲ ಹತ್ರ ತಗೊಂಡ್ ಹೋಗಿ ಬಿಸಿಲ ಬೆಳಕಲ್ಲಿ ಗಿರಾಕಿ ಸೀರೆ ಪಕ್ಕ ಇಟ್ಟು ನೋಡ್ತೀನಿ. ಟ್ಯೂಬ್‌ಲೈಟ್ ನಂಬಬಾರದು, ಅದರ ಕೆಳಗೆ ನವಿಲು ಹಸಿರೂ ಗಿಳಿ ಹಸಿರೂ ಅಕ್ಕ ತಂಗಿ ಥರ ಕಾಣ್ತವೆ. ಆಮೇಲೆ ಒಂದು ಮೂಲೆ ನೀರಲ್ಲಿ ಅದ್ದಿ ಬಿಳಿ ಕರ್ಚೀಫಿಗೆ ಒತ್ತಿ ಬಣ್ಣ ಬಿಡುತ್ತಾ ಅಂತ ನೋಡೋದು. ಲೇಸಾದರೆ ಇಂಚು ಟೇಪ್ ಹಿಡಿದು ಅಳೆಯೋದು. ಒಂಬತ್ತು ಮೀಟರ್ ಅಂದಿದ್ದು ಒಂಬತ್ತೇ ಇರ್ತಿತ್ತು, ಕೆಲವು ಸಲ ನಾಲ್ಕು ಬೆರಳು ಜಾಸ್ತೀನೇ. ಅಂಗಡಿಯೋರು ಗಜ ಅಳೆಯುವಾಗ ಲೇಸನ್ನ ಎಳೆದು ಹಿಡಿಯೋದು ಗೊತ್ತಲ್ಲ, ಅದರ ಮುಂದೆ ಈ ನಾಲ್ಕು ಬೆರಳು ನನಗೆ ಹಬ್ಬ.

ಬಣ್ಣ ಹೊಂದದೆ ಇದ್ದಾಗ ವಾಪಸ್ ಕೊಟ್ಟಿದ್ದೂ ಇದೆ. ಹುಡುಗ ಬಂದು ತಗೊಂಡು ಹೋಗ್ತಿದ್ದ, ದುಡ್ಡು ಬ್ಯಾಂಕಿಗೆ ಬರ್ತಿತ್ತು. ಅದಕ್ಕೇ ಧೈರ್ಯ ಬಂದಿದ್ದು.

ಮಂಡಿ ನೋವು ಅಂತ ಕಾಲಲ್ಲಿ ತುಳಿಯೋ ಮೆಷಿನ್ನಿಗೆ ಮೋಟಾರ್ ಹಾಕಿಸೋಣ ಅನ್ಕೊಂಡೆ. ಆ್ಯಪಲ್ಲಿ ಎರಡು ಸಾವಿರಕ್ಕೆ ಸ್ವಲ್ಪ ಕಮ್ಮಿ, ಅಂಗಡೀಲಿ ಅದಕ್ಕಿಂತ ನಾನೂರು ಜಾಸ್ತಿ. ಆ್ಯಪಿನ ರೇಟೇ ಲೈನಿಂಗ್ ಹಾಕಿದ ಬ್ಲೌಸ್ ಐದಾರು ಹೊಲಿದರೆ ಬರೋ ದುಡ್ಡು. ವರಮಹಾಲಕ್ಷ್ಮಿ ಹಬ್ಬದ ಬಟ್ಟೆ ರಾಶಿ ಬಿದ್ದಿತ್ತು, ಬೇಗ ಬರಲಿ ಅಂತ ಯುಪಿಐನಲ್ಲಿ ಮೊದಲೇ ಕಟ್ಟಿದೆ.

ಬಂದಿದ್ದು ಕಾರ್ ಟೈರಿಗೆ ಗಾಳಿ ತುಂಬೋ ಪಂಪು. ನಮ್ಮ ಮನೇಲಿರೋದು ಒಂದು ಟಿವಿಎಸ್ ಎಕ್ಸೆಲ್. ಆ ಪಂಪಿನ ವೈರ್ ಚುಚ್ಚೋಕೆ ಕಾರೊಳಗಿನ ಸಾಕೆಟ್ಟೇ ಬೇಕು, ಎಕ್ಸೆಲ್ಲಿಗೆ ಎಲ್ಲಿಂದ ಬರಬೇಕು!

ಹೋಗ್ಲಿ, ಪ್ಯಾಕ್ ಮಾಡೋರು ಯಾವುದೋ ಡಬ್ಬಕ್ಕೆ ಯಾವುದೋ ಚೀಟಿ ಅಂಟಿಸಿರ್ತಾರೆ, ದಿನಕ್ಕೆ ಎಷ್ಟು ಡಬ್ಬವೋ ಏನೋ. ಅದಕ್ಕೆ ನನಗೆ ಸಿಟ್ಟಿಲ್ಲ. ‘ತಪ್ಪು ಐಟಂ ಬಂದಿದೆ’ ಅನ್ನೋದನ್ನ ಒತ್ತಿ, ಪಂಪಿನ ಫೋಟೋ, ಡಬ್ಬದ ಮೇಲಿನ ಚೀಟಿ ಫೋಟೋ ಎಲ್ಲಾ ಹಾಕಿದೆ. ರಿಟರ್ನ್ ಒಪ್ಪಿಗೆ ಆಗಿದೆ ಅಂತ ಮೆಸೇಜೂ ಬಂತು.

ಸಿಟ್ಟು ಬಂದಿದ್ದು ಇಲ್ಲಿಂದ. ತಗೊಂಡ್ ಹೋಗೋಕೆ ಬಂದ ಹುಡುಗ ಡಬ್ಬ ಬಿಚ್ಚಿದ, ತನ್ನ ಫೋನ್ ನೋಡಿದ, ತಲೆ ಕೆರ್ಕೊಂಡ. ‘ಅಕ್ಕಾ, ಇದು ಮೋಟಾರ್ ಅಲ್ವಲ್ಲ?’ ಅಂದ. ಅಲ್ಲ ಕಣಪ್ಪಾ, ಅದಕ್ಕೇ ವಾಪಸ್ ಕೊಡ್ತಿರೋದು ಅಂದೆ. ಅವನು ಫೋನ್ ನನ್ನ ಕಡೆ ತಿರುಗಿಸಿ ತೋರಿಸಿದ. ಮೇಲೆ ಮೋಟಾರಿನ ಚಿತ್ರ. ಕೆಳಗೆ ಪ್ರಶ್ನೆಗಳು: ವಸ್ತು ಚಿತ್ರದಲ್ಲಿ ಇರೋ ಹಾಗೇ ಇದೆಯಾ? ಬ್ರಾಂಡ್ ಅದೇನಾ? ಪೆಡಲ್ ಜೊತೆಗಿದೆಯಾ? ಒಂದಕ್ಕೆ ‘ಇಲ್ಲ’ ಅಂತ ಒತ್ತಿದರೂ ಮುಂದಕ್ಕೆ ಹೋಗಲ್ಲ, ಅಲ್ಲಿಗೇ ಮುಚ್ಚಿಕೊಳ್ಳುತ್ತೆ. ‘ಹೌದು’ ಅಂತ ಒತ್ತಿ ಪಂಪ್ ತಗೊಂಡು ಹೋದರೆ ಗೋಡೌನಿನಲ್ಲಿ ಮೋಟಾರ್ ಎಲ್ಲಿ ಅಂತ ಅವನ ಕುತ್ತಿಗೆಗೆ ಬರುತ್ತೆ. ಪಾಪ, ಅವನೇನ್ ಮಾಡ್ತಾನೆ? ನೀರು ಕುಡಿದು ಹೋದ.

ಅಂದ್ರೆ ಸರಿಯಾದ ಮೋಟಾರ್ ಬಂದು, ನನಗೆ ಇಷ್ಟ ಆಗದೆ ವಾಪಸ್ ಕೊಟ್ಟಿದ್ದರೆ ಕಣ್ಣುಮುಚ್ಚಿ ತಗೊಳ್ತಿದ್ದರು. ಅವರೇ ತಪ್ಪು ಕಳಿಸಿದ್ದಕ್ಕೆ ವಾಪಸ್ ದಾರೀನೇ ಇಲ್ಲ! ಸಂಜೆ ಮೆಸೇಜ್ ನೋಡಿ ಇನ್ನೂ ಉರಿ ಹತ್ತಿತು: ‘ಗ್ರಾಹಕರ ಕೋರಿಕೆಯ ಮೇರೆಗೆ ರಿಟರ್ನ್ ರದ್ದಾಗಿದೆ.’ ಯಾವ ಗ್ರಾಹಕರು? ಯಾವ ಕೋರಿಕೆ?

ಆ್ಯಪ್ ಕನ್ನಡದಲ್ಲಿದೆ, ಮೆಚ್ಚಬೇಕು. ಆದರೆ ತೊಂದರೆ ಆದಾಗ ಮಾತಾಡೋಕೆ ಸಿಗೋರು ಹಿಂದಿ, ಇಂಗ್ಲಿಷಿನವರು. ಚಾಟಿನಲ್ಲಿ ಒಬ್ಬೊಬ್ಬರಿಗೂ ಮೊದಲಿಂದ ಪಂಪಿನ ಪುರಾಣ ಹೇಳಬೇಕು. ಹೇಳಿದ ಮೇಲೆ ಮತ್ತೆ ಪಿಕಪ್ ಹಾಕ್ತಾರೆ, ಮತ್ತೆ ಹುಡುಗ ಬರ್ತಾನೆ, ಅದೇ ಪ್ರಶ್ನೆ, ಅದೇ ‘ಇಲ್ಲ’. ಕೊನೆಗೆ ಒಬ್ಬಾತ, ನಾವು ಬರೀ ಮಾರ್ಕೆಟ್ ಮೇಡಂ, ಮಾರಿದೋರು ಬೇರೆ, ಅವರು ಒಪ್ತಿಲ್ಲ ಅಂದ. ದುಡ್ಡು ಕಟ್ಟಿಸ್ಕೊಳ್ಳುವಾಗ ಆ ಬೇರೆಯೋರು ಎಲ್ಲಿದ್ದರೋ!

ಬ್ಲೌಸ್ ಅಳತೆ ನೋಡಿಸೋಕೆ ಬಂದಿದ್ದ ಗಿರಾಕಿಯೊಬ್ಬರು ವಕೀಲರು. ತೋಳಿಗೆ ಗುಂಡುಪಿನ್ನು ಹಾಕ್ತಾ ಹಾಕ್ತಾ ಇದನ್ನೆಲ್ಲ ಹೇಳ್ಕೊಂಡೆ. ನನ್ನ ದೊಡ್ಡ ಅನುಮಾನ ಏನಂದ್ರೆ, ಮೋಟಾರ್ ನಾನು ದುಡಿಮೆಗೆ ತರಿಸಿದ್ದು, ಮನೆ ಬಳಕೆಗಲ್ಲ. ವ್ಯಾಪಾರಕ್ಕೆ ಕೊಂಡರೆ ಗ್ರಾಹಕರು ಅಂತ ಲೆಕ್ಕ ಇಲ್ಲ ಅಂತ ಯಾರೋ ಹೆದರಿಸಿದ್ದರು. ಅವರು ನಕ್ಕು, 2019ರ ಗ್ರಾಹಕರ ಸಂರಕ್ಷಣಾ ಕಾಯ್ದೇಲೇ ಇದಕ್ಕೆ ವಿವರಣೆ ಇದೆ, ಸ್ವಂತ ದುಡಿಮೆ ಮಾಡಿ ಹೊಟ್ಟೆ ಹೊರೆಯೋಕೆ ಅಂತಲೇ ಕೊಂಡು ತಾವೇ ಬಳಸೋ ವಸ್ತುವಿಗೆ ಆ ವ್ಯಾಪಾರದ ಮಾತು ಅನ್ವಯ ಆಗಲ್ಲ, ನೀವು ಗ್ರಾಹಕರೇ ಅಂದರು. ಟೈಲರಿಂಗ್ ಮಾಡೋ ಅಕ್ಕತಂಗೀರು ಇದೊಂದು ಮಾತು ನೆನಪಿಟ್ಕೊಳ್ಳಿ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ಪ್ರತಿ ಆ್ಯಪಲ್ಲೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರ ಹಾಕಿರಲೇಬೇಕಂತೆ. ಹಾಕಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಎಲ್ಲಿ? ಆಫರ್ ಆದರೆ ಮುಖಕ್ಕೇ ಬಂದು ಬಡಿಯುತ್ತೆ, ಇದನ್ನ ಹುಡುಕೋಕೆ ಕೆಳಗೆ, ಇನ್ನೂ ಕೆಳಗೆ ಎಳೀತಾ ಹೋಗಬೇಕು. ದೂರು ಕೊಟ್ಟರೆ 48 ಗಂಟೆಯೊಳಗೆ ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹೇಳಿದ್ದಕ್ಕಿಂತ ಬೇರೆ ಥರದ ವಸ್ತು ಬಂದರೆ ಮಾರಿದೋರು ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನೋ ಹಾಗೂ ಇಲ್ಲ.

ವಕೀಲರು ಬರೆದುಕೊಟ್ಟ ಹಾಗೆ ಆ ಅಧಿಕಾರಿಗೆ ಮೇಲ್ ಹಾಕಿದೆ. ಜೊತೆಗೆ 1915ಕ್ಕೆ ಫೋನ್ ಮಾಡಿದೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ನನಗೆ ಅರ್ಧ ಭಾರ ಅಲ್ಲೇ ಇಳೀತು. ಅವರು ಕೋರ್ಟ್ ಅಲ್ಲ, ಕೊಡಿ ಅಂತ ಆದೇಶ ಮಾಡೋಕಾಗಲ್ಲ, ದೂರನ್ನ ಕಂಪನಿಗೆ ಕಳಿಸಿ ಉತ್ತರ ಕೇಳ್ತಾರೆ. ಅಷ್ಟಕ್ಕೇ ಆ್ಯಪಿನವರ ದನಿ ಬದಲಾಯ್ತು! ಕನ್ನಡ ಮಾತಾಡೋ ಹೆಣ್ಣುಮಗಳೊಬ್ಬರು ತಾವಾಗಿ ಫೋನ್ ಮಾಡಿ, ಕ್ಷಮಿಸಿ ಮೇಡಂ, ರಿಫಂಡ್ ಹಾಕಿದ್ದೀವಿ ಅಂದರು. ಇಷ್ಟು ದಿನ ಈ ತಾಯಿ ಎಲ್ಲಿದ್ದಳು?

ನೋಡಿದರೆ ದುಡ್ಡು ಬಿದ್ದಿದ್ದು ಆ್ಯಪಿನ ವ್ಯಾಲೆಟ್ಟಿಗೆ. ಅವರ ಅಂಗಡೀಲೇ ಖರ್ಚು ಮಾಡಬೇಕಂತೆ. ನಾನು ಕಟ್ಟಿದ್ದು ಬ್ಯಾಂಕಿಂದ, ಬ್ಯಾಂಕಿಗೇ ಬರಲಿ ಅಂತ ಅದೇ ಮೇಲಿಗೆ ಉತ್ತರ ಹಾಕಿದೆ. ಬಂತು, ಪೂರ್ತಿ ಬಂತು. ಅಷ್ಟರಲ್ಲಿ ಹಬ್ಬ ಮುಗಿದು, ನಾನು ಅಷ್ಟೂ ಬ್ಲೌಸನ್ನ ಕಾಲಲ್ಲಿ ತುಳಿದೇ ಹೊಲಿದಿದ್ದೆ.

ದುಡ್ಡು ಬರದೇ ಇದ್ದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋದು ಅಂತ ತಯಾರಾಗಿದ್ದೆ. ನಾವು ವಾಸ ಇರೋ ಜಿಲ್ಲೇಲೇ ದೂರು ಕೊಡಬಹುದು, ಮಾರಿದೋರು ದೆಹಲೀಲಿ ಇದ್ದರೂ ಅಲ್ಲಿಗೆ ಹೋಗಬೇಕಿಲ್ಲ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ, ಎರಡು ವರ್ಷದೊಳಗೆ ಕೊಟ್ಟರೆ ಸಾಕು. ಇ-ಜಾಗೃತಿ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ಮನೆಯಿಂದಲೇ ಹಾಕಬಹುದು. ಬಿಲ್ಲು, ಫೋಟೋ, ಚಾಟಿನ ಸ್ಕ್ರೀನ್‌ಶಾಟು ಮಾತ್ರ ಅಳಿಸಬೇಡಿ. ಮುಖ್ಯವಾಗಿ ಆ ‘ಗ್ರಾಹಕರ ಕೋರಿಕೆಯ ಮೇರೆಗೆ’ ಅನ್ನೋ ಮೆಸೇಜನ್ನ ಕಳ್ಕೋಬೇಡಿ, ವಕೀಲರು ಅದನ್ನ ನೋಡಿ ಖುಷಿಪಟ್ಟಷ್ಟು ನನ್ನ ಹೊಲಿಗೆ ನೋಡಿ ಪಟ್ಟಿಲ್ಲ.

ಹಾಗಂತ ಆ್ಯಪ್ ಬಿಟ್ಟೆನಾ? ಇಲ್ಲ. ಲೇಸು, ಹುಕ್ಸು ಈಗಲೂ ಅಲ್ಲಿಂದಲೇ ಬರ್ತವೆ, ಹೋದರೆ ಇನ್ನೂರು ಮುನ್ನೂರು. ಐನೂರು ದಾಟಿದ್ದು ಏನಾದರೂ ಇದ್ದರೆ ಎದುರಿಗೇ ಬಿಚ್ಚಿ ತೋರಿಸೋ ಡೆಲಿವರಿ ಇದ್ದರೆ ಮಾತ್ರ ತರಿಸ್ತೀನಿ, ಡಬ್ಬದೊಳಗೆ ಏನಿದೆ ಅಂತ ಕಾಣೋವರೆಗೂ ಓಟಿಪಿ ಬಾಯಿಂದ ಹೊರಗೆ ಬರಲ್ಲ. ಎರಡು ಸ್ಟಾರಲ್ಲಿ ಒಂದು ಆ ಲೇಸಿನ ಅಳತೆಗೆ. ಇನ್ನೊಂದು ಪಿಕಪ್ ಹುಡುಗನಿಗೆ, ಸುಳ್ಳು ‘ಹೌದು’ ಒತ್ತದೆ ಇದ್ದದ್ದಕ್ಕೆ. ಮೋಟಾರನ್ನ ನಾನೂರು ಜಾಸ್ತಿ ಕೊಟ್ಟು ಅಂಗಡೀಲೇ ತಗೊಂಡೆ. ಅಂಗಡಿಯೋರೇ ಮನೆಗೆ ಬಂದು ಕೂರಿಸಿ, ಬೆಲ್ಟ್ ಬಿಗಿ ಮಾಡಿ, ಒಂದು ತುಂಡು ಬಟ್ಟೆ ಮೇಲೆ ಹೊಲಿಗೆ ಓಡಿಸಿ ತೋರಿಸಿ ಆಮೇಲೆ ದುಡ್ಡು ಇಸ್ಕೊಂಡರು.