ಮೈಕ್ರೋಸ್ಕೋಪಿಗೆ ಡಿಜಿಟಲ್ ಕ್ಯಾಮೆರಾ: ನಾಲ್ಕು ವರ್ಷ ಬಳಸಿದ ಮೇಲೆ

ಐದು ಮೆಗಾಪಿಕ್ಸೆಲ್ ಕ್ಯಾಮೆರಾ, ಚಿತ್ರವನ್ನು ಅರ್ಧಕ್ಕೆ ಇಳಿಸಿ ಕ್ಯಾಮೆರಾಕ್ಕೆ ಕೊಡುವ 0.5 ಎಕ್ಸ್ ಅಡಾಪ್ಟರ್, ಜೊತೆಗೆ ಚಿತ್ರ ಅಳೆಯುವ ಸಾಫ್ಟ್‌ವೇರ್. ಇಷ್ಟನ್ನು ನಮ್ಮ ಹಳೆಯ ಮೆಟಲರ್ಜಿಕಲ್ ಮೈಕ್ರೋಸ್ಕೋಪಿನ ಮೇಲೆ ಕೂರಿಸಿ ನಾಲ್ಕು ವರ್ಷ ಆಯಿತು. ಉಕ್ಕು, ಎರಕದ ಕಬ್ಬಿಣ, ಅಲ್ಯೂಮಿನಿಯಂ ಮಿಶ್ರಲೋಹ, ಹಿತ್ತಾಳೆ ಇವುಗಳ ಒಳರಚನೆ ನೋಡುವುದೇ ನನ್ನ ದಿನದ ಕೆಲಸ. ಮೊದಲ ವಾರವೇ ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಈಗ ನಾಲ್ಕು ಕೊಡುತ್ತೇನೆ. ಆದರೂ ಇದಿಲ್ಲದೆ ಮತ್ತೆ ಕೆಲಸ ಮಾಡಲು ನನಗೆ ಮನಸ್ಸಿಲ್ಲ.

ಮುಂಚೆ ಐಪೀಸಿನಲ್ಲಿ ಕಣ್ಣಿಟ್ಟು, ಗೋಡೆಗೆ ಅಂಟಿಸಿದ ಚಾರ್ಟಿನ ಜೊತೆ ಹೋಲಿಸಿ ಗ್ರೇನ್ ಸೈಜ್ (ಲೋಹದೊಳಗಿನ ಹರಳುಗಳ ಗಾತ್ರ) ಹೇಳುತ್ತಿದ್ದೆವು. ಸಂಜೆ ಹೊತ್ತಿಗೆ ಕಣ್ಣು ಉರಿಯುತ್ತಿತ್ತು. ಬೆಳಿಗ್ಗೆ ಹೇಳಿದ ಸಂಖ್ಯೆಗೂ ಸಂಜೆ ಹೇಳಿದ ಸಂಖ್ಯೆಗೂ ತಾಳೆ ಆಗುತ್ತಿರಲಿಲ್ಲ. ಈಗ ಇಬ್ಬರು ಮೂವರು ಒಂದೇ ಪರದೆ ನೋಡಿ ಮಾತಾಡಬಹುದು. ಹೊಸಬರಿಗೆ ಉಕ್ಕಿನಲ್ಲಿ ಬಿಳಿಯಾಗಿ ಕಾಣುವ ಫೆರೈಟ್ ಯಾವುದು, ಕಪ್ಪಾಗಿ ಕಾಣುವ ಪದರಪದರದ ಪರ್ಲೈಟ್ ಯಾವುದು ಅಂತ ಬೆರಳಿಟ್ಟು ತೋರಿಸಬಹುದು. ಇದೊಂದಕ್ಕೇ ಕ್ಯಾಮೆರಾ ತಗೊಳ್ಳಬಹುದು ಅನ್ನುತ್ತೇನೆ.

ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ. ನಮ್ಮ 50 ಎಕ್ಸ್ ಲೆನ್ಸಿನ ಎನ್‌ಎ, ಅಂದರೆ ಎಷ್ಟು ಅಗಲವಾಗಿ ಬೆಳಕು ಹಿಡಿಯುತ್ತದೆ ಅನ್ನುವ ಸಂಖ್ಯೆ, 0.8. ಹಸಿರು ಬೆಳಕಿನಲ್ಲಿ ಅದು ಬಿಡಿಸಿ ತೋರಿಸುವ ಅತಿ ಸಣ್ಣ ಅಂತರ 0.42 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಕ್ಯಾಮೆರಾದ ಪಿಕ್ಸೆಲ್ 3.45 ಮೈಕ್ರಾನ್. ಲೆನ್ಸ್ ಮತ್ತು ಅಡಾಪ್ಟರ್ ದಾಟಿದ ಮೇಲೆ ಮಾದರಿಯ ಮೇಲೆ ಒಂದು ಪಿಕ್ಸೆಲ್ ಅಂದರೆ ಸುಮಾರು 0.14 ಮೈಕ್ರಾನ್. ಅಂದರೆ ಲೆನ್ಸ್ ತೋರಿಸುವುದನ್ನೆಲ್ಲ ಈ ಕ್ಯಾಮೆರಾ ಆಗಲೇ ಹಿಡಿದಾಯಿತು. 20 ಮೆಗಾಪಿಕ್ಸೆಲ್ ಹಾಕಿದರೂ ಅಲ್ಲಿ ಹೊಸದೇನೂ ಕಾಣುವುದಿಲ್ಲ. ತೀರಾ ಸಣ್ಣ ಪರ್ಲೈಟ್ ಪದರಗಳು ಇದರಲ್ಲಿ ಬಿಡಿಬಿಡಿಯಾಗಿ ಕಾಣುವುದೇ ಇಲ್ಲ, ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು. ಪಿಕ್ಸೆಲ್ ಸಾಲದು ಅನಿಸುವುದು 5 ಎಕ್ಸ್ ಲೆನ್ಸಿನಲ್ಲಿ ಮಾತ್ರ, ಅಲ್ಲಿ ಒಂದೊಂದು ಪಿಕ್ಸೆಲ್ ಮಾದರಿಯ ಮೇಲೆ ಹತ್ತು ಪಟ್ಟು ಅಗಲದ ಜಾಗ ಹಿಡಿಯುತ್ತದೆ. ವಿಚಿತ್ರ ಅಲ್ವಾ? ನನಗೂ ಇದು ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಇನ್ನು ಅಳತೆಯ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಬರೆಯಲೇಬೇಕು.

ಸಾಫ್ಟ್‌ವೇರ್ ಎಣಿಸುವುದು ಲೋಹವನ್ನಲ್ಲ, ಬೂದು ಬಣ್ಣದ ಮಟ್ಟಗಳನ್ನು. 8 ಬಿಟ್ ಚಿತ್ರದಲ್ಲಿ 0ಯಿಂದ 255ರವರೆಗೆ. ಯಾವ ಮಟ್ಟಕ್ಕಿಂತ ಕೆಳಗಿರುವುದನ್ನು 'ಕಪ್ಪು' ಅನ್ನಬೇಕು ಅಂತ ನಾವೇ ಹೇಳಬೇಕು. ಆ ಗೆರೆಗೆ ತ್ರೆಶೋಲ್ಡ್ ಅನ್ನುತ್ತಾರೆ. ಶೇ. 0.4 ಇಂಗಾಲದ ಉಕ್ಕನ್ನು ನಿಧಾನವಾಗಿ ತಣಿಸಿದರೆ ಹೆಚ್ಚುಕಡಿಮೆ ಅರ್ಧ ಪರ್ಲೈಟ್ ಇರಬೇಕು. ಒಂದು ಸಲ ನಾನೂ ನನ್ನ ಸಹೋದ್ಯೋಗಿಯೂ ಒಂದೇ ಚಿತ್ರ ಅಳೆದೆವು. ಅವರಿಗೆ ಒಂದು ಸಂಖ್ಯೆ, ನನಗೆ ಇನ್ನೊಂದು. ತ್ರೆಶೋಲ್ಡ್ ಗೆರೆಯನ್ನು ಅವರು ಸ್ವಲ್ಪ ಎಡಕ್ಕೆ ಇಟ್ಟಿದ್ದರು, ನಾನು ಬಲಕ್ಕೆ. ಅಷ್ಟೇ ವ್ಯತ್ಯಾಸ. ಎಚ್ಚಿಂಗ್ ಮಾಡುವಾಗ (ಒಳರಚನೆ ಕಾಣಲು ಮೇಲ್ಮೈಯನ್ನು ಆಮ್ಲದಿಂದ ತುಸು ಕೊರೆಯುವಾಗ) ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್ ಆದ ಶೇ. 2ರ ನೈಟಾಲ್‌ನಲ್ಲಿ ಕೆಲವು ಸೆಕೆಂಡ್ ಜಾಸ್ತಿ ಬಿಟ್ಟರೂ ಹೀಗೇ. ಗ್ರೇನುಗಳ ನಡುವಿನ ಗೆರೆ, ಅಂದರೆ ಗ್ರೇನ್ ಬೌಂಡರಿ ದಪ್ಪವಾಗುತ್ತದೆ, ಆ ಕಪ್ಪನ್ನೂ ಸಾಫ್ಟ್‌ವೇರ್ ಪರ್ಲೈಟಿಗೇ ಸೇರಿಸುತ್ತದೆ. ಅಂದಿನಿಂದ ಎಚ್ಚಿಂಗ್ ಸಮಯ, ದೀಪದ ಮಟ್ಟ, ಎಕ್ಸ್‌ಪೋಶರ್, ತ್ರೆಶೋಲ್ಡ್ ನಾಲ್ಕನ್ನೂ ವರದಿಯಲ್ಲೇ ಬರೆದಿಡುತ್ತೇನೆ. ಚಿತ್ರವನ್ನು ಟಿಫ್ ಆಗಿಯೇ ಉಳಿಸುತ್ತೇನೆ. ಜೆಪೆಗ್ ಅಂಚುಗಳನ್ನು ಕೆಡಿಸುತ್ತದೆ.

ಪಾಲಿಶ್ ಸರಿ ಇಲ್ಲದಿದ್ದರೆ ಕ್ಯಾಮೆರಾ ಕ್ಷಮಿಸುವುದಿಲ್ಲ. ಕಣ್ಣು ಗೀರನ್ನು ಗೀರು ಅಂತ ಗುರುತಿಸಿ ಬಿಟ್ಟುಬಿಡುತ್ತದೆ. ಸಾಫ್ಟ್‌ವೇರ್ ಅದನ್ನೂ ಬೌಂಡರಿ ಅಂತ ಎಣಿಸುತ್ತದೆ. ಹಾಗಾಗಿ 1200 ಗ್ರಿಟ್ ಕಾಗದದಿಂದ 1 ಮೈಕ್ರಾನ್ ವಜ್ರದ ಪೇಸ್ಟಿನವರೆಗೆ ಒಂದು ಹಂತವನ್ನೂ ಈಗ ಬಿಡುವುದಿಲ್ಲ.

ದೊಡ್ಡ ಏಟು ತಿಂದದ್ದು ಕ್ಯಾಲಿಬ್ರೇಶನ್‌ನಲ್ಲಿ, ಅಂದರೆ ಒಂದು ಪಿಕ್ಸೆಲ್ ಎಷ್ಟು ಮೈಕ್ರಾನ್ ಅಂತ ಸಾಫ್ಟ್‌ವೇರಿಗೆ ಹೇಳುವುದರಲ್ಲಿ. ಹಾಕಿದ್ದು 20 ಎಕ್ಸ್ ಲೆನ್ಸ್, ಸಾಫ್ಟ್‌ವೇರಿನಲ್ಲಿ ಆರಿಸಿದ್ದು 10 ಎಕ್ಸ್. ಪ್ರತಿ ಗ್ರೇನ್ ಎರಡು ಪಟ್ಟು ಅಗಲ ಅಂತ ಬಂತು. ಗ್ರೇನ್ ಸೈಜ್ ಅಳೆಯುವ ಮಾನದಂಡವಾದ ಎಎಸ್‌ಟಿಎಂ ಇ112 ಲೆಕ್ಕದಲ್ಲಿ ಜಿ ಸಂಖ್ಯೆ (ಗ್ರೇನ್ ಸೈಜ್ ಸಂಖ್ಯೆ) ಒಂದು ಇಳಿದರೆ ಅದೇ ಜಾಗದಲ್ಲಿ ಗ್ರೇನುಗಳ ಎಣಿಕೆ ಅರ್ಧವಾಗುತ್ತದೆ. ಅಗಲ ಎರಡು ಪಟ್ಟಾದರೆ ಎಣಿಕೆ ಕಾಲು ಭಾಗಕ್ಕೆ ಬರುತ್ತದೆ, ಅಂದರೆ ಜಿ ಎರಡು ಇಳಿಯುತ್ತದೆ. ಹಾಗಾಗಿ 8 ಬರಬೇಕಾದದ್ದು 6 ಬಂತು. ಇಡೀ ದಿನದ ವರದಿಗಳನ್ನು ವಾಪಸ್ ತರಿಸಿಕೊಂಡೆ. ಈ ಸಾಫ್ಟ್‌ವೇರಿಗೆ ಲೆನ್ಸ್ ಬದಲಾದದ್ದು ತಾನಾಗಿ ತಿಳಿಯುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಒಂದು ಸ್ಟಾರ್ ಕಡಿಮೆ ಆದದ್ದು ಇದಕ್ಕೇ. ಈಗ ಪ್ರತಿದಿನ ಬೆಳಿಗ್ಗೆ 10 ಮೈಕ್ರಾನಿಗೊಂದು ಗೆರೆ ಇರುವ ಪುಟ್ಟ ಅಳತೆಪಟ್ಟಿ, ಅಂದರೆ ಸ್ಟೇಜ್ ಮೈಕ್ರೋಮೀಟರ್ ಇಟ್ಟು ಎಲ್ಲ ಲೆನ್ಸನ್ನೂ ಪರೀಕ್ಷಿಸುತ್ತೇನೆ. ಹತ್ತು ನಿಮಿಷ ಸಾಕು.

ಅನುಮಾನ ಬಂದಾಗ ಅದೇ ಚಿತ್ರವನ್ನು ಇಮೇಜ್‌ಜೆ ಅನ್ನುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ಇನ್ನೊಮ್ಮೆ ಅಳೆಯುತ್ತೇನೆ. ಅದು ಉಚಿತ, ಪ್ರತಿ ಹೆಜ್ಜೆಯನ್ನೂ ನಾವೇ ನೋಡಬಹುದು. ಹಣ ಕಡಿಮೆ ಇರುವವರು ಬರೀ ಕ್ಯಾಮೆರಾ ತಗೊಂಡು ಇಮೇಜ್‌ಜೆಯಿಂದಲೇ ಶುರು ಮಾಡಿ.

ಈ ಸೆಟ್ ನಿಜವಾಗಿ ಮಿಂಚುವುದು ಡಕ್ಟೈಲ್ ಕಬ್ಬಿಣದಲ್ಲಿ, ಅಂದರೆ ಗ್ರಾಫೈಟ್ ಉಂಡೆಗಳಾಗಿರುವ ಎರಕದ ಕಬ್ಬಿಣದಲ್ಲಿ. ಎಚ್ಚಿಂಗ್ ಬೇಡ. ಹೊಳೆಯುವ ಲೋಹದ ಮೇಲೆ ಗ್ರಾಫೈಟ್ ಉಂಡೆಗಳು ಕಡುಕಪ್ಪಾಗಿ ಎದ್ದು ಕಾಣುತ್ತವೆ. ಎಷ್ಟು ಉಂಡೆ, ಎಷ್ಟು ದುಂಡಗೆ ಅಂತ ಕ್ಷಣದಲ್ಲಿ ಸಿಗುತ್ತದೆ. ಕೈಯಲ್ಲಿ ಎಣಿಸಿ ಬೇಸತ್ತವರಿಗೆ ಅದು ಎಂಥ ಖುಷಿ ಅಂತ ಗೊತ್ತು.

ಹಿತ್ತಾಳೆ ಮಾತ್ರ ಇನ್ನೂ ಸರಿಹೋಗಿಲ್ಲ. ಅನೀಲ್ ಮಾಡಿದ (ಕಾಯಿಸಿ ಮೆದುಗೊಳಿಸಿದ) ಹಿತ್ತಾಳೆಯ ಗ್ರೇನುಗಳ ಒಳಗೆ ನೇರ ಪಟ್ಟಿಗಳಂತೆ ಟ್ವಿನ್‌ಗಳಿರುತ್ತವೆ. ಅವು ಅದೇ ಗ್ರೇನಿನ ಭಾಗ, ಬೇರೆಯಾಗಿ ಎಣಿಸಬಾರದು. ಸಾಫ್ಟ್‌ವೇರ್ ಪ್ರತಿ ಪಟ್ಟಿಯನ್ನೂ ಒಂದು ಗ್ರೇನ್ ಅಂದುಕೊಳ್ಳುತ್ತದೆ. ಹಿತ್ತಾಳೆ ಬಂದ ದಿನ ಚಿತ್ರವನ್ನು ಪ್ರಿಂಟ್ ತೆಗೆದು, ಸ್ಕೇಲಿನಲ್ಲಿ ಗೆರೆ ಎಳೆದು, ಪೆನ್ಸಿಲ್ ಹಿಡಿದು ನಾನೇ ಎಣಿಸುತ್ತೇನೆ.