ಮಳೆಗಾಲ ಮುಗಿದ ಮೇಲೆ ಹಳೇ ಪದ್ಮಿನಿ ಕಾರು ಹೊರಗೆ ತೆಗೆಯೋರು ಹುಷಾರು: ‘ಎಂಜಿನ್ ಜಾಮ್’ ಅಂದ್ರೆ ನಂಬ್ಬೇಡಿ

ಹಳೇ ಫಿಯಟ್, ಪದ್ಮಿನಿ ಇಟ್ಕೊಂಡಿರೋ ಮಲೆನಾಡಿನವರು ದಯವಿಟ್ಟು ಓದಿ. ಈಗ ಎಲ್ಲರೂ ಟಾರ್ಪಾಲ್ ತೆಗೆಯೋ ಹೊತ್ತು. ಮಾಡದ ರಿಪೇರಿಗೆ ಬಿಲ್ ಹಾಕೋ ಕಳ್ಳರಿಗೆ ಇದೇ ಸುಗ್ಗಿ.

ನಮ್ಮದು ಅಪ್ಪ ಓಡಿಸ್ತಿದ್ದ ಪ್ರೀಮಿಯರ್ ಪದ್ಮಿನಿ. ತೀರ್ಥಹಳ್ಳಿ ಮಳೆಗೆ ಜೂನ್‌ನಿಂದ ಶೆಡ್ಡಲ್ಲೇ ನಿಂತಿತ್ತು. ದೀಪಾವಳಿಗೆ ಹೊರಗೆ ತೆಗೆಯೋಣ ಅಂತ, ‘ವಿಂಟೇಜ್ ಸ್ಪೆಷಲಿಸ್ಟ್’ ಅಂತ ಬೋರ್ಡ್ ಹಾಕ್ಕೊಂಡಿರೋ ಒಬ್ಬನನ್ನ ಕರೆಸಿದೆ. ಕೀ ತಿರುಗಿಸಿದ, ಕಟ್ ಕಟ್ ಅಂತು. ಅಷ್ಟೇ. “ಎಂಜಿನ್ ಜಾಮ್ ಸಾರ್. ಬೋರ್ ತುಕ್ಕು ಹಿಡಿದಿದೆ.” ಅಂದ್ರೆ ಪಿಸ್ಟನ್ ಓಡಾಡೋ ಕೊಳವೆಗೆ ತುಕ್ಕು ಬಂದು ಎಂಜಿನ್ ತಿರುಗೋದೇ ಇಲ್ಲ ಅಂತ. ಸ್ಪಾರ್ಕ್ ಪ್ಲಗ್ ಬಿಚ್ಚಲಿಲ್ಲ, ಬ್ಯಾಟರಿಗೆ ಮೀಟರ್ ಹಿಡೀಲಿಲ್ಲ. ಚಾರ್ಜ್ ಇಳಿದ ಬ್ಯಾಟರಿಗೂ ಅದೇ ಸದ್ದು ಬರುತ್ತೆ ಸ್ವಾಮಿ! ಟೋ ಮಾಡ್ಕೊಂಡು ಹೋದ.

ಬಿಲ್ಲು 46,000. ರೀಬೋರ್ (ಬೋರ್ ಒಳಗೆ ಕೊರೆದು ನಯ ಮಾಡೋದು), ಪಿಸ್ಟನ್ ಸೆಟ್, ಹೆಡ್ ಗ್ಯಾಸ್ಕೆಟ್, ಪೆಟ್ರೋಲ್ ಪೈಪ್, ಎಲ್ಲಾ ಹೊಸದಂತೆ. ಗಾಡಿ ಸ್ಟಾರ್ಟ್ ಆಯ್ತು, ದುಡ್ಡು ಕೊಟ್ಟೆ.

ಹಬ್ಬಕ್ಕೆ ಬಂದ ಭಾವ ಬಾನೆಟ್ ಎತ್ತಿದ್ರು. ಸುಮ್ನೆ ನೋಡಿದ್ರು, ಆಮೇಲೆ ನಕ್ಕರು. ಬೋರಿಗೆ ಮುಚ್ಚಳದ ಹಾಗೆ ಕೂರೋ ಹೆಡ್ಡಿನ ನಟ್ಟುಗಳ ಮೇಲೆ ಅಪ್ಪ ಬಳಿದಿದ್ದ ಸಿಲ್ವರ್ ಪೇಂಟು ಹಾಗೇ ಇತ್ತು! ಒಂದರ ಮೂಲೇಲೂ ಸ್ಪ್ಯಾನರ್ ತಾಗಿದ ಗುರುತಿಲ್ಲ. “ಹೆಡ್ ಎತ್ತದೆ ರೀಬೋರ್ ಮಾಡಿದಾನಲ್ಲ, ದೊಡ್ಡ ಪ್ರತಿಭೆ ಮಾರಾಯ” ಅಂದ್ರು, ನೆಂಟರೆಲ್ಲ ನಿಂತಿರೋವಾಗ. ಮುಖ ಎಲ್ಲಿಟ್ಕೊಳ್ಳಲಿ?

ಪೈಪ್ ನೋಡಿದ್ರೆ ಅದೂ ಹಳೇದೇ. ಬಿರುಕಲ್ಲಿ ನೂಲು ಕಾಣ್ತಿದೆ, ಮುಟ್ಟಿದ್ರೆ ಬೆರಳು ಒದ್ದೆ. ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಜಿನುಗ್ತಿದೆ, ಅದರಲ್ಲಿ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಓಡಾಡಿದ್ದೀನಿ! ಈಗ ಬಂಕಲ್ಲಿ ಸಿಗೋ ಇ20 ಪೆಟ್ರೋಲಲ್ಲಿ ಎಥೆನಾಲ್ 20 ಪರ್ಸೆಂಟ್. ಆ ಕಾಲದ ರಬ್ಬರ್ ಅದಕ್ಕೆ ತಡೆಯಲ್ಲ, ನಿಲ್ಲಿಸಿಟ್ಟ ಟ್ಯಾಂಕಲ್ಲಿ ಅದು ನೀರಿನ ಪಸೆಯನ್ನೂ ಎಳ್ಕೊಳ್ಳುತ್ತೆ. ಸ್ಪೆಷಲಿಸ್ಟಿಗೆ ಇದು ಗೊತ್ತಿಲ್ವಾ?

ಫೋನ್ ಮಾಡಿದೆ. “ಪೇಂಟ್ ನಾವೇ ಮತ್ತೆ ಹೊಡೆದಿದ್ದು ಸಾರ್, ಫಿನಿಶಿಂಗ್‌ಗೆ.” ಅದರ ಮೇಲಿರೋ ಎಣ್ಣೆ ಜಿಡ್ಡನ್ನೂ ನೀವೇ ಮತ್ತೆ ಮೆತ್ತಿದ್ರಾ ಅಂತ ಕೇಳ್ದೆ. ಹಳೇ ಪಿಸ್ಟನ್ ಕೊಡಿ ಅಂದೆ. “ಗುಜರಿಗೆ ಹೋಯ್ತು ಸಾರ್.” ಪೈಪು? “ಹುಡುಗ ಮರೆತಿರ್ಬೇಕು.” ಕೊನೆಗೆ ದಬಾಯಿಸಿದ: “ಗಾಡಿ ಓಡ್ತಿದೆ ತಾನೇ, ಇನ್ನೇನು ಬೇಕು ನಿಮಗೆ?” ಓಡದೆ ಏನು! ಬ್ಯಾಟರಿ ಚಾರ್ಜ್ ಮಾಡಿ, ಕಾರ್ಬೊರೇಟರ್ ತೊಳೆದು, ಪ್ಲಗ್ಗಿಗೆ ಕಿಡಿ ಬರಿಸೋ ಪಾಯಿಂಟ್ ಉಜ್ಜಿದಾನೆ, ಅಷ್ಟೇ ಕೆಲಸ.

ಯಾರಾದ್ರೂ ಜಾಮ್ ಅಂದ್ರೆ ನಿಮ್ಮೆದುರಿಗೇ ಪ್ಲಗ್ ಬಿಚ್ಚಿಸಿ, ಬೋರಿಗೆ ಸ್ವಲ್ಪ ಎಣ್ಣೆ ಬಿಡ್ಸಿ, ಟಾಪ್ ಗೇರಿಗೆ ಹಾಕಿ ಗಾಡಿ ಮೆಲ್ಲಗೆ ತಳ್ಳಿ. ಫ್ಯಾನ್ ಬೆಲ್ಟ್ ಪುಲ್ಲಿ ತಿರುಗಿದ್ರೆ ಎಂಜಿನ್ ಜಾಮ್ ಆಗಿಲ್ಲ ಅಂತರ್ಥ, ಅವನನ್ನ ಅಲ್ಲಿಂದಲೇ ಕಳಿಸಿ. ಬಿಚ್ಚಿದ ಸಾಮಾನು ಕೈಗೆ ಕೊಡೋವರೆಗೂ ಒಂದು ರೂಪಾಯಿ ಬಿಚ್ಬೇಡಿ.

ಇದನ್ನ ಬರೀತಿರೋವಾಗ್ಲೇ ಅವನ ಮೆಸೇಜ್ ಬಂತು: “5,000 ವಾಪಸ್ ಹಾಕ್ತೀನಿ ಸಾರ್, ಎಲ್ಲೂ ಬರೀಬೇಡಿ.” ಬೇಡ ಅಂದೆ. ಬಿಲ್ಲು, ನಟ್ಟಿನ ಫೋಟೊ ಎರಡೂ ಇಟ್ಕೊಂಡಿದ್ದೀನಿ, ಗ್ರಾಹಕರ ಆಯೋಗಕ್ಕೆ ದೂರು ಕೊಡ್ತೀನಿ.